ಮೂರನೆಯ ಚೂರು

ಹಾಸನದ ಹೊರಗಿನ ಆ ಗಾರ್ಮೆಂಟ್ಸ್‌ನಲ್ಲಿ ಏಳನೆಯ ಲೈನಿನ ಹೆಂಗಸರಿಗೆ ಫುಟ್‌ಬಾಲ್ ಕ್ಲಬ್ಬುಗಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಯಾವುದೋ ದೂರದ ದೇಶದ ಮೊದಲ ದರ್ಜೆಯ ಲೀಗು, ಅದರ ಐದು ಕ್ಲಬ್ಬುಗಳ ಜೆರ್ಸಿ ಇಲ್ಲಿ ಹೊಲಿಯುವುದು ಎಂದಷ್ಟೇ ಗೊತ್ತು. ತಮ್ಮೂರಲ್ಲಿ ಆಡುವಾಗ ಒಂದು ಬಣ್ಣ, ಬೇರೆ ಊರಿಗೆ ಹೋದಾಗ ಇನ್ನೊಂದು, ಅದೂ ಎದುರಾಳಿಯ ಬಣ್ಣವನ್ನೇ ಹೋಲಿದರೆ ಇರಲಿ ಎಂದು ಮೂರನೆಯದು. ಹೆಂಗಸರು ತಮಗೆ ತೋಚಿದ ಹೆಸರಿಟ್ಟುಕೊಂಡಿದ್ದರು. ಹಳದಿ-ಕಪ್ಪು ಪಟ್ಟೆಯದು ಆಟೋ. ಕಡುಗೆಂಪಿನದು ಬೀಟ್‌ರೂಟು. ಬಿಳಿಯ ನಡುವೆ ಉದ್ದಕ್ಕೆ ಒಂದೇ ಕೆಂಪು ಪಟ್ಟೆ ಇದ್ದದ್ದು ನಾಮ.

"ಇವತ್ತೇನ್ ವಿಜ್ಯಕ್ಕ, ಆಟೋನಾ, ನಾಮಾನಾ?"

"ನಾಮ ಕಣವ್ವ. ಅವ್ರು ಎದೆ ಮ್ಯಾಲೆ ಆಕ್ಕೊತಾರೆ, ನಮಗೆ ಇವ್ರು ಅಣೆಗೆ ಆಕ್ತಾರೆ."

ವಿಜಯಮ್ಮನ ಪಕ್ಕದ ಯಂತ್ರದಲ್ಲಿ ಕುಳಿತ ನೇತ್ರಾವತಿ ತಲೆ ತಗ್ಗಿಸಿ ನಕ್ಕಳು. ಅವಳು ನಗುತ್ತಿದ್ದಳು, ನೋಡುತ್ತಿದ್ದಳು, ಮಾತಾಡುತ್ತಿದ್ದುದು ಕಡಿಮೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಹೊಳೆನರಸೀಪುರದ ಟೈಲರ್ ಅನಸೂಯಮ್ಮನ ಅಂಗಡಿಯಲ್ಲಿ ಹೊಲಿಗೆ ಕಲಿತವಳು. ಕಂಪನಿಯ ಬಸ್ಸು ಹತ್ತಿ ಇಲ್ಲಿಗೆ ಬಂದ ಮೊದಲ ವಾರ ಹೊಲಿಗೆ ಓರೆಯಾಗುತ್ತಿದ್ದಾಗ ಪಕ್ಕಕ್ಕೆ ಕೂರಿಸಿಕೊಂಡು ತೋಳು ಕೂಡಿಸುವುದನ್ನು ಹೇಳಿಕೊಟ್ಟದ್ದು ವಿಜಯಮ್ಮ. "ಕಣ್ಣು ಬಟ್ಟೆ ಮ್ಯಾಲಿರ್ಲಿ ಮಗಾ, ಬಯ್ಯೋರ್ ಮ್ಯಾಲೆ ಬ್ಯಾಡ," ಎಂದಿದ್ದಳು.

ಅಲ್ಲಿ ಒಂದು ನಿಯಮವಿತ್ತು. ಸೂಜಿ ಮುರಿದರೆ ಅದರ ಪ್ರತಿ ಚೂರನ್ನೂ ಹುಡುಕಿ ತಂದು, ಒಂದು ಪುಸ್ತಕದ ಹಾಳೆಗೆ ಟೇಪಿನಿಂದ ಅಂಟಿಸಬೇಕು. ಸೂಪರ್‌ವೈಸರ್ ಸಹಿ ಹಾಕಿದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಲೈನು ನಿಲ್ಲುತ್ತದೆ, ಅಲ್ಲಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ನೋಡಬೇಕು. ಆಡುವವನ ಮೈಗೆ ಚುಚ್ಚಬಾರದಲ್ಲ. ನಿಯಮ ಒಳ್ಳೆಯದೇ. ಆದರೆ ಲೈನು ನಿಂತ ದಿನ ಮೂವತ್ತೆಂಟು ಹೆಂಗಸರೂ ಬಸ್ಸು ಬಿಟ್ಟು ಕೂತು ಟಾರ್ಗೆಟ್ ಮುಗಿಸಬೇಕು. ಯಾರಿಂದ ನಿಂತಿತೋ ಅವಳ ಜೊತೆ ವಾರವಿಡೀ ಯಾರೂ ಬುತ್ತಿ ಬಿಚ್ಚುತ್ತಿರಲಿಲ್ಲ.

ಒಮ್ಮೆ ಹೀಗೇ ನಿಂತಾಗ ಯಾರೋ, "ಒಂದ್ ತುದಿ ಸಿಕ್ಕಿದ್ರೆ ಸಾಕಾಗಿತ್ತು," ಎಂದು ಅತ್ತಿದ್ದರು. ಮರುದಿನ ನೇತ್ರಾವತಿ ಅನಸೂಯಮ್ಮನ ಅಂಗಡಿಯ ಕಸದಿಂದ ಆಯ್ದ ಎಂಟು ಸೂಜಿತುದಿಗಳನ್ನು ಕುಂಕುಮದ ಡಬ್ಬಿಯಲ್ಲಿ ತಂದಳು. ಮುಂದೆ ಚೂರು ಸಿಗದಿದ್ದಾಗ ತೋರಿಸಲೆಂದು ಹೆಂಗಸರು ಒಂದೊಂದು ತೆಗೆದುಕೊಂಡು ದಾರದ ಕೋನಿನ ಟೊಳ್ಳಿನಲ್ಲಿ ಇಟ್ಟುಕೊಂಡರು. ಮತ್ತೆ ಕೇಳಿದರು, ಮತ್ತೆ ತಂದಳು. ಮಾತಾಡದ ಹುಡುಗಿಯನ್ನು ಊಟಕ್ಕೆ ಹೆಸರು ಹಿಡಿದು ಕರೆಯತೊಡಗಿದರು. ಅದು ಅವಳಿಗೆ ಹಿತವಾಗಿತ್ತು.

ಜುಲೈ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ವಿಜಯಮ್ಮನ ಯಂತ್ರ ಟಪ್ಪೆಂದು ನಿಂತಿತು. ಸೂಜಿ ಅವಳ ಎಡಗೈ ತೋರುಬೆರಳಿಗೆ ಇಳಿದು ಮುರಿದಿತ್ತು. ಅವಳು ಕೂಗಲಿಲ್ಲ. ಬಿಳಿ ಜೆರ್ಸಿಯನ್ನು ಮೊದಲು ಆಚೆ ಸರಿಸಿ, ಆಮೇಲೆ ಬೆರಳನ್ನು ಸೆರಗಿಗೆ ಒತ್ತಿಕೊಂಡಳು. ಎರಡು ಚೂರು ಸಿಕ್ಕವು. ತುದಿ ಸಿಗಲಿಲ್ಲ.

ಸೂಪರ್‌ವೈಸರ್ ಅಶೋಕ ಬಂದ. ಚನ್ನರಾಯಪಟ್ಟಣದ ಕಡೆಯವನು, ಹತ್ತು ವರ್ಷದ ಕೆಳಗೆ ತಾನೂ ಯಂತ್ರದ ಮುಂದೆ ಕೂತವನು.

"ಶುಕ್ರವಾರ ಕಂಟೇನರ್ ಹೊರಡ್ಬೇಕು ವಿಜಯಮ್ಮ. ಮೇಲಿನವ್ರು ನನ್ ಕತ್ತಿನ ಮೇಲೆ ಕೂತವ್ರೆ. ಹುಡುಕಿ."

ಆಯಸ್ಕಾಂತದ ಕೋಲನ್ನು ನೆಲದ ಮೇಲೆ ಎರಡು ಸಲ ಎಳೆದರು. ಏನೂ ಅಂಟಲಿಲ್ಲ. ಮೂವತ್ತೇಳು ಮುಖಗಳು ತಿರುಗಿ ನೋಡುತ್ತಿದ್ದವು. ನೇತ್ರಾವತಿ ತನ್ನ ಕೋನಿನೊಳಗಿಂದ ಒಂದು ತುದಿ ತೆಗೆದು ವಿಜಯಮ್ಮನ ಮೇಜಿನ ಅಂಚಿಗೆ ಸರಿಸಿದಳು.

"ಸಿಕ್ತು ಸಾ," ಎಂದಳು ವಿಜಯಮ್ಮ.

ಅಶೋಕ ಮೂರು ಚೂರನ್ನೂ ಅಂಟಿಸಿದ. ಒಂದು ಗಳಿಗೆ ಹಾಳೆಯನ್ನೇ ನೋಡಿದ. ಸಹಿ ಹಾಕಿದ.

ಸಂಜೆ ಪ್ಯಾಕಿಂಗಿನ ಕವನಾ, ಆ ದಿನದ ಜೆರ್ಸಿಗಳೆಲ್ಲ ಲೋಹ ಹಿಡಿಯುವ ಯಂತ್ರದಲ್ಲಿ ಪಾಸಾದವು, ಒಂದಕ್ಕೂ ಅದು ಕೂಗಲಿಲ್ಲ ಎಂದಳು. ನೇತ್ರಾವತಿ ವಿಜಯಮ್ಮನ ಕೈ ನೋಡಿದಳು. ತುದಿ ಬಟ್ಟೆಯಲ್ಲಿಲ್ಲ. ನೆಲದಲ್ಲಿಲ್ಲ.

"ಅಕ್ಕ, ಅದು ಬೆರಳಲ್ಲೇ ಐತೆ."

"ಸುಮ್ನಿರು ಮಗಾ. ಅರಿಶ್ಣ ಆಕಿದ್ರೆ ವಾಸಿ ಆಯ್ತದೆ."

ವಾಸಿಯಾಗಲಿಲ್ಲ. ವಿಜಯಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ನಾಲ್ಕನೆಯ ದಿನ ಬೆರಳು ಊದಿ ಹೊಳೆಯತೊಡಗಿತು. ಊರಿನ ಹತ್ತಿರದ ಡಾಕ್ಟರ ಬಳಿ ಜಾಲಿಮುಳ್ಳು ಎಂದು ಹೇಳಿ ಮಾತ್ರೆ ತಂದಿದ್ದಳು.

"ಸೂಜಿ ಅನ್ನೋದಲ್ವಾ ಅಕ್ಕ?"

"ಸೂಜಿ ಅಂದ್ರೆ ಎಲ್ಲಿ ಅಂತಾರೆ. ಕಂಪ್ನೀಲಿ ಅಂದ್ರೆ ಪುಸ್ತಕ ತಗೀತಾರೆ. ಅದ್ರಾಗೆ ಮೂರೂ ಚೂರು ಕುಂತವೆ. ಒಂದು ಎಲ್ಲಿಂದ ಬಂತು ಅಂತ ಕೇಳ್ತಾರೆ. ಆಗ ನೀನು ಮನೆಗೋಗ್ತೀಯ." ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬಲಗೈಯಿಂದಲೇ ಮುದ್ದೆ ಮುರಿದಳು. "ನಿನಗೇನು ವಯಸ್ಸಾಗೈತಾ ಮನೇಲಿ ಕುಂತ್ಕೊಳಕ್ಕೆ?"

ನೇತ್ರಾವತಿ ಬುತ್ತಿ ಮುಚ್ಚಿದಳು. ಯಾರಿಗೂ ಹೇಳಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡು ಐದು ನಾಳೆಗಳು ಹೋದವು.

ಒಂಬತ್ತನೆಯ ದಿನ ಊಟದ ಹೊತ್ತಿಗೆ ಅವಳು ವಿಜಯಮ್ಮನ ರಟ್ಟೆ ಹಿಡಿದು ಪ್ಯಾಕಿಂಗ್ ಕೋಣೆಗೆ ಕರೆದೊಯ್ದಳು. ಕವನಾ ಬಾಗಿಲ ಕಡೆ ನೋಡಿ, "ಯಾರಾದ್ರೂ ಬಂದ್ರೆ ನನ್ ಕತೆ ಮುಗೀತು, ಬೇಗ ಕೈ ಆಕ್ರಿ," ಎಂದಳು. ಉಂಗುರ, ಪಿನ್ನು ಎಲ್ಲ ತೆಗೆಸಿದರು. ಲೋಹ ಹಿಡಿಯುವ ಯಂತ್ರದೊಳಕ್ಕೆ ಜೆರ್ಸಿಗಳು ಹೋಗುವ ಪಟ್ಟಿಯ ಮೇಲೆ ವಿಜಯಮ್ಮ ಊದಿದ ಕೈಯಿಟ್ಟಳು. ಪಟ್ಟಿ ಕೈಯನ್ನು ಗೂಡಿನೊಳಗೆ ಎಳೆದುಕೊಂಡಿತು. ಕೆಂಪು ದೀಪ ಹತ್ತಿ, ಯಂತ್ರ ಕೂಗಿ, ನಿಂತಿತು.

"ಬಟ್ಟೆ ಪಾಸು, ನಾನು ಫೇಲು," ಎಂದಳು ವಿಜಯಮ್ಮ. ಯಾರೂ ನಗಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ತುದಿಯನ್ನು ತೆಗೆದರು. ಆದರೆ ಕೀವು ಮೂಳೆಗೆ ಇಳಿದಿತ್ತು. ಮೂರು ದಿನದ ಮೇಲೆ ತೋರುಬೆರಳನ್ನು ಬುಡದಿಂದಲೇ ತೆಗೆದರು. ಭಾನುವಾರ ನೇತ್ರಾವತಿ ನೋಡಲು ಹೋದಾಗ ವಿಜಯಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಎಲ್ರೂ ಎಡಗೈ ತಾನೇ ಅಂತಾವ್ರೆ," ಎಂದಳು. "ಬಟ್ಟೆ ತಳ್ಳೋದು ಎಡಗೈಯೇ ಅಲ್ವಾ ಮಗಾ. ನಿನಗ್ ಗೊತ್ತು, ಅವರಿಗೇನ್ ಗೊತ್ತು."

ಹೊರಡುವಾಗ, "ನೀನೇನೂ ಬಾಯ್ ಬಿಡಬ್ಯಾಡ. ಆಗಿದ್ದು ಆಗೋಯ್ತು," ಎಂದಳು.

ಸೋಮವಾರ ಅಶೋಕ ಲೈನಿಗೆ ಸುದ್ದಿ ತಂದ. ಕೆಲಸದಲ್ಲಾದ ಗಾಯ ಎಂದು ಬರೆದುಕೊಡಲು ಆಫೀಸಿನವರು ಒಪ್ಪಲಿಲ್ಲ. ಸೂಜಿ ಪುಸ್ತಕ ಸರಿಯಾಗಿದೆ, ಮೂರು ಚೂರೂ ಇವೆ. ಡಾಕ್ಟರ ಚೀಟಿಯಲ್ಲಿ ಜಾಲಿಮುಳ್ಳು ಅಂತಿದೆ. ಬೆರಳಿನಿಂದ ತೆಗೆದ ಲೋಹ ಇಲ್ಲಿಯದು ಅನ್ನುವುದಕ್ಕೆ ಏನು ಸಾಕ್ಷಿ? ಪರಿಹಾರವಿಲ್ಲ. ಹದಿನೈದು ದಿನದೊಳಗೆ ಯಂತ್ರಕ್ಕೆ ಬಂದು ಕೂರದಿದ್ದರೆ ಕೆಲಸವೂ ಇಲ್ಲ.

ಯಂತ್ರಗಳು ನಿಂತವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪ್ರತಿಯೊಬ್ಬರ ಕೋನಿನೊಳಗೂ ಒಂದೊಂದು ತುದಿ ಇತ್ತು. ಐದು ನಿಮಿಷಕ್ಕೆ ಯಂತ್ರಗಳು ಮತ್ತೆ ಓಡಿದವು. ಆ ದಿನ ಬೀಟ್‌ರೂಟಿನ ಸರದಿ.

ಊಟದ ಹೊತ್ತಿಗೆ ನೇತ್ರಾವತಿ ಅಶೋಕನ ಮೇಜಿನ ಮುಂದೆ ನಿಂತಳು. ಎರಡು ವರ್ಷದಲ್ಲಿ ಅವಳು ತಾನಾಗಿ ಅಲ್ಲಿಗೆ ಬಂದದ್ದು ಅದೇ ಮೊದಲು.

"ಸೂಜಿ ಪುಸ್ತಕ ಕೊಡಿ ಸಾ."

"ಯಾಕೆ?"

"ಆ ತುದಿ ವಿಜ್ಯಕ್ಕನ ಸೂಜೀದಲ್ಲ. ನಾನು ತಂದಿದ್ದು. ಎಲ್ರಿಗೂ ನಾನೇ ತಂದ್ಕೊಡ್ತಿದ್ದೆ."

ಅಶೋಕ ತನ್ನ ಊಟದ ಡಬ್ಬಿಯ ಮುಚ್ಚಳ ಹಾಕಿದ. ದನಿ ತಗ್ಗಿಸಿದ. "ಇದನ್ನ ನಂಗೆ ಹೇಳಿಲ್ಲ ಅಂದ್ಕೋ. ಬರೆದ್ರೆ ನಾಳೆ ನೀನು ಗೇಟಿನಾಚೆ. ಸುಳ್ ಚೂರು ಅಂತ ಗೊತ್ತಾದ್ರೆ ಜೆರ್ಸಿ ತಗಳ್ಳೋರು ಆರ್ಡರ್ರೇ ನಿಲ್ಲಿಸ್ತಾರೆ. ಆಮೇಲೆ ಈ ಮೂವತ್ತೆಂಟು ಜನ ಎಲ್ಲಿಗೆ ಹೋಗ್ಬೇಕು? ವಿಜಯಮ್ಮನ ಬೆರಳೇನು ವಾಪಸ್ ಬತ್ತದಾ?"

"ಬರಲ್ಲ ಸಾ."

"ಮತ್ತೆ?"

ಅವಳ ಕಣ್ಣೀರು ಮೂಗಿನವರೆಗೆ ಬಂತು. ಆದರೂ ಅಲ್ಲಿಂದ ಕದಲಲಿಲ್ಲ. "ಅಕ್ಕ ನನಗೋಸ್ಕರ ಮುಳ್ಳು ಅಂದ್ರು ಸಾ," ಎಂದಳು.

ಅಶೋಕ ಖಾನೆ ಎಳೆದು ಪುಸ್ತಕ ತೆಗೆದು, ಆ ಮಂಗಳವಾರದ ಹಾಳೆ ಬಿಡಿಸಿದ. ಮೂರು ಚೂರುಗಳ ಪಕ್ಕಕ್ಕೆ ಒಂದು ಹೊಸ ಸೂಜಿಯನ್ನು ಇಟ್ಟ. ಚೂರುಗಳ ಸಾಲು ಸೂಜಿಗಿಂತ ಒಂದು ಅಕ್ಕಿಕಾಳಿನಷ್ಟು ಉದ್ದವಿತ್ತು.

"ಅವತ್ತೇ ಕಂಡಿತ್ತು ನಂಗೆ," ಎಂದ. "ಕಂಟೇನರ್ ಹೋಗ್ಲಿ ಅಂದ್ಕೊಂಡೆ."

ಅವನು ಪೆನ್ನು ಕೊಟ್ಟ. ನೇತ್ರಾವತಿ ನಿಂತೇ ಬಗ್ಗಿ ಬರೆಯತೊಡಗಿದಳು. ಈ ತುದಿ ನಾನು ಹೊಳೆನರಸೀಪುರದಿಂದ ತಂದದ್ದು. ವಿಜಯಮ್ಮನವರ ಸೂಜಿಯ ತುದಿ ಅವರ ಬೆರಳಲ್ಲಿತ್ತು. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದಿರಲಿಲ್ಲ. ಅಕ್ಷರಗಳು ದೊಡ್ಡದಾಗಿ, ಓರೆಯಾಗಿ ಹಾಳೆಯ ಕೆಳಗಿನವರೆಗೆ ಇಳಿಯುತ್ತಿದ್ದವು.

"ಪೂರ್ತಿ ತುಂಬಿಸ್ಬೇಡ," ಎಂದ ಅಶೋಕ. "ಕೆಳಗೆ ನಂದೊಂದ್ ಸಾಲು ಬರೀಬೇಕು."

ಅವಳು ಅಕ್ಷರಗಳನ್ನು ಚಿಕ್ಕದು ಮಾಡಿಕೊಂಡಳು.