ಎರಡೂ ಕೈಯ ಮಾತಿಗೆ ಒಂದು ಫೋನು

"ಮಡಚೋದಕ್ಕೆ ಒಣಗಿದ ಬಟ್ಟೆ ರಾಶಿ ಬಿದ್ದಿದೆ. ಮೊದಲು ಅದನ್ನ ಮಡಚಿ," ಎಂದಳು ನನ್ನ ಹೆಂಡತಿ.

ಮಡಚುವ ಫೋನಿನ ಮಾತೆತ್ತಿದಾಗಲೆಲ್ಲ ಅವಳ ಉತ್ತರ ಇದೇ. ಆದರೆ ನಾನು ಅಷ್ಟಕ್ಕೆ ಸುಮ್ಮನಾಗುವವನಲ್ಲ. ಅಡುಗೆಮನೆಯ ಕಪಾಟು, ಕಲ್ಲು, ನಲ್ಲಿ, ಚಿಮಣಿ ಮಾರುವ ದೊಡ್ಡ ಅಂಗಡಿಯಲ್ಲಿ ತಲೆಕೂದಲು ನರೆಸಿಕೊಂಡವನು. ಬೇಡ ಅಂದವರಿಗೇ ಮಾರಿ ಅಭ್ಯಾಸ. ತೆರೆದರೆ ಪುಸ್ತಕದಷ್ಟು ಅಗಲ, ಗಿರಾಕಿಗಳಿಗೆ ಡಿಸೈನ್ ತೋರಿಸಬಹುದು ಎಂದೆ. "ಅಂಗಡೀಲಿ ಅದಕ್ಕೇ ಅಂತ ಟ್ಯಾಬ್ ಕೊಟ್ಟಿದ್ದಾರಲ್ಲ," ಎಂದಳು. ಮಡಚಿದರೆ ಜೇಬಿಗೆ ಹೋಗುತ್ತೆ ಎಂದೆ. "ಈಗಿರೋದನ್ನ ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ದೀರಾ?" ಎಂದಳು. ಪರದೆಯ ನಡುವೆ ಗೆರೆ ಕಾಣುತ್ತಂತೆ, ಧೂಳು ಹೊಕ್ಕರೆ ಕೀಲು ಕಿರುಗುಟ್ಟುತ್ತಂತೆ, ಉಗುರು ತಾಗಿದರೂ ಗೀರು ಬೀಳುತ್ತಂತೆ, ಒಳಗಿನ ಪರದೆ ಹೋದರೆ ಆ ರಿಪೇರಿ ಖರ್ಚಿಗೆ ಇನ್ನೊಂದು ಫೋನೇ ಬರುತ್ತಂತೆ. ಇದನ್ನೆಲ್ಲ ಎಲ್ಲಿ ಓದಿಕೊಂಡು ಬಂದಿದ್ದಳೋ. ಬೆಲೆ ಹೇಳಿದಾಗಲಂತೂ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಎದ್ದೇ ಹೋದಳು.

ನಿಜ ಹೇಳಬೇಕೆಂದರೆ ಈ ಆಸೆ ಹುಟ್ಟಿಸಿದವನು ಟೈ. ಅಂಗಡಿಗೆ ಹೊಸದಾಗಿ ಸೇರಿದ, ಎಂಥ ಸೆಕೆಯಲ್ಲೂ ಟೈ ಸಡಿಲಿಸದ ಹುಡುಗನಿಗೆ ನಾವಿಟ್ಟ ಹೆಸರು ಅದು. ಗಿರಾಕಿ ಎದುರು ಕೂತೊಡನೆ ಅವನು ಜೇಬಿನಿಂದ ಫೋನು ತೆಗೆದು, ಒಡವೆ ಪೆಟ್ಟಿಗೆ ತೆರೆಯುವವನ ಹಾಗೆ ಮೆಲ್ಲಗೆ ಬಿಡಿಸುತ್ತಾನೆ. ಅವರು ಡಿಸೈನು ಬಿಟ್ಟು ಫೋನು ನೋಡುತ್ತಾರೆ, ಆಮೇಲೆ ಅವನು ತೋರಿಸಿದ ಕಲ್ಲಿಗೇ ಹೂಂ ಅನ್ನುತ್ತಾರೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಐವತ್ತರ ಹತ್ತಿರ ಬಂದವನು ಇದನ್ನು ಹೆಂಡತಿಯ ಮುಂದೆ ಹೇಗೆ ಹೇಳುವುದು? ಹಾಗಾಗಿ ಅಕ್ಕನನ್ನು ಮುಂದೆ ಮಾಡಿದೆ.

ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ನಮ್ಮ ಜೊತೆಯಲ್ಲೇ ಇದ್ದಾಳೆ. ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮೇಣದಲ್ಲಿ ಹಲ್ಲು ಕೆತ್ತುತ್ತಾಳೆ, ಪಕ್ಕದ ಹಲ್ಲಿಗೆ ಹೊಂದುವ ಹಾಗೆ ಬಣ್ಣ ಕೂಡಿಸುತ್ತಾಳೆ. ದಿನವಿಡೀ ಬಾಯಿಯ ಅಚ್ಚುಗಳನ್ನೇ ನೋಡಿ ನೋಡಿ, ಯಾರೇ ಎದುರು ಬಂದರೂ ಮೊದಲು ಅವರ ಬಾಯಿ ನೋಡುತ್ತಾಳೆ, ಆಮೇಲೆ ಮುಖ. ತುಟಿ ಓದುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಈಗ ದೂರದ ಊರಿನ ದೊಡ್ಡ ಲ್ಯಾಬೊಂದು ಅವಳನ್ನು ಕರೆದಿತ್ತು. ಮುಂದಿನ ವಾರ ಹೊರಡುವವಳಿದ್ದಳು. ಆಮೇಲೆ ನಮ್ಮ ಮಾತೆಲ್ಲ ಫೋನಿನಲ್ಲೇ.

ಫೋನಿನಲ್ಲಿ ಕೈಮಾತು ಆಡುವ ಕಷ್ಟ ಆಡಿದವರಿಗೇ ಗೊತ್ತು. ಒಂದು ಕೈ ಫೋನು ಹಿಡಿಯುತ್ತದೆ, ಉಳಿದದ್ದು ಒಂದೇ ಕೈ. ಅದು ಬಾಯಿ ತುಂಬ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ. ನಾನು ಅಂಗಡಿಯಿಂದ ಹಾಗೆ ಮಾತಾಡಿದಾಗಲೆಲ್ಲ ಅಕ್ಕ ಆ ಕಡೆಯಿಂದ, "ನುಂಗಿ ಮಾತಾಡೋ," ಎಂದು ಸನ್ನೆಯಲ್ಲೇ ಬೈಯುತ್ತಿದ್ದಳು. ಡಬ್ಬಿಗೆ ಒರಗಿಸಿಟ್ಟರೆ ಫೋನು ಜಾರಿ ಅವಳಿಗೆ ಮೇಲಿನ ಫ್ಯಾನು ಕಾಣುತ್ತಿತ್ತು. ಮಡಚುವ ಫೋನು ಹಾಗಲ್ಲ, ಅರ್ಧ ಮಡಚಿ ಮೇಜಿನ ಮೇಲಿಟ್ಟರೆ ತನ್ನಷ್ಟಕ್ಕೆ ನಿಲ್ಲುತ್ತದೆ.

"ಅದಕ್ಕೆ ಸ್ಟ್ಯಾಂಡ್ ಸಿಗುತ್ತಲ್ಲ, ಒಂದು ಕಾಫಿ ದುಡ್ಡಿಗೆ," ಎಂದಳು ಹೆಂಡತಿ.

"ಸ್ಟ್ಯಾಂಡ್ ಹೊತ್ಕೊಂಡು ತಿರುಗೋಕಾಗುತ್ತಾ? ಅಂಗಡೀಲಿ, ಹೋಟೆಲಲ್ಲಿ, ನಾಲ್ಕು ಜನ ಇರೋ ಕಡೆ, ಎಲ್ಲಿದ್ರೂ ನಾನು ಅಕ್ಕನ ಜೊತೆ ಎರಡೂ ಕೈಯಲ್ಲಿ ಮಾತಾಡಬೇಕು."

ಇದನ್ನು ಕೈಮಾತಿನಲ್ಲೂ ಹೇಳಿದೆ, ಯಾಕೆಂದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಅರಳಿತು. ಗಿರಾಕಿ ಬಿದ್ದ ಎಂದು ನನಗೆ ಗೊತ್ತಾಗಿಬಿಟ್ಟಿತು.

"ಅತ್ತಿಗೆಗೋಸ್ಕರ ಅಂದ್ರೆ ತಗೊಳ್ಳಿ," ಎಂದಳು ಹೆಂಡತಿ. "ಆದ್ರೆ ಅವರನ್ನೂ ಕರ್ಕೊಂಡು ಹೋಗಿ. ಅವರೇ ನೋಡಿ ಹೇಳಲಿ."

ಇಲ್ಲಿ ನನ್ನ ಉತ್ಸಾಹ ಜರ್ರನೆ ಇಳಿಯಿತು. ಅಕ್ಕನ ಜೊತೆ ಅಂಗಡಿಗೆ ಹೋಗುವುದೆಂದರೆ ನನಗೆ ಚಿಕ್ಕಂದಿನಿಂದಲೂ ಒಳಗೊಳಗೇ ಕಸಿವಿಸಿ. ಕೈಮಾತಿನ ಭರದಲ್ಲಿ ಅವಳ ಗಂಟಲಿನಿಂದ ಸದ್ದು ಬರುತ್ತದೆ. ಅವಳಿಗದು ಕೇಳಿಸದು, ಊರಿಗೆಲ್ಲ ಕೇಳಿಸುತ್ತದೆ. ಜನ ತಿರುಗುತ್ತಾರೆ, ಮೊದಲು ಅವಳನ್ನು ನೋಡುತ್ತಾರೆ, ಆಮೇಲೆ ನನ್ನನ್ನು. ಮನೆಯೊಳಗೆ ಅವಳಿಗಾಗಿ ಜೀವ ಬಿಡುವವನ ಹಾಗೆ ಆಡುವ ನಾನು ಹೊರಗೆ ಅವಳಿಂದ ನಾಲ್ಕು ಹೆಜ್ಜೆ ದೂರ ನಡೆಯುತ್ತೇನೆ. ಇಷ್ಟು ದಿನ ಅವಳು ಅದನ್ನು ಗಮನಿಸಿಲ್ಲ ಎಂದುಕೊಂಡಿದ್ದೆ.

ಫೋನಿನ ಅಂಗಡಿ ಗಾಜು ಮತ್ತು ಬೆಳಕಿನಿಂದಲೇ ಕಟ್ಟಿದಂತಿತ್ತು. ಸೇಲ್ಸ್ ಹುಡುಗಿ ಡೆಮೋ ಫೋನು ತಂದು ಅಕ್ಕನ ಕೈಗೇ ಕೊಟ್ಟಳು. ಅಕ್ಕ ಅದನ್ನು ತೆರೆದಳು, ಮುಚ್ಚಿದಳು, ಹಲ್ಲು ಕೂತಿತೋ ಇಲ್ಲವೋ ನೋಡುವ ಹಾಗೆ ಕೀಲಿನ ಸಂದನ್ನು ಕಣ್ಣ ಹತ್ತಿರ ಹಿಡಿದಳು, ಬೆರಳ ತುದಿಯಿಂದ ನಡುವಿನ ಗೆರೆ ಸವರಿದಳು. "ಇದು ಬೆಳೆಯುತ್ತಾ ಕೇಳು," ಎಂದಳು ನನಗೆ.

ನಾನು ಕೇಳಿದೆ. "ಸ್ವಲ್ಪ ಎದ್ದು ಕಾಣಬಹುದು ಸರ್, ದಿನಾ ನೋಡ್ತಾ ನೋಡ್ತಾ ಮರೆತು ಹೋಗುತ್ತೆ," ಎಂದಳು ಹುಡುಗಿ.

ಆಮೇಲೆ ಹುಡುಗಿ ಅದನ್ನು ಅರ್ಧ ಮಡಚಿ ಕೌಂಟರಿನ ಮೇಲೆ ನಿಲ್ಲಿಸಿ ಕ್ಯಾಮೆರಾ ಹಚ್ಚಿದಳು. ಅಗಲ ಪರದೆಯಲ್ಲಿ ಅಕ್ಕನ ಮುಖ, ಭುಜ, ಎರಡೂ ಕೈ ಸಲೀಸಾಗಿ ಕಂಡವು. ಅಕ್ಕ ಒಂದು ಗಳಿಗೆ ತನ್ನನ್ನೇ ನೋಡಿಕೊಂಡಳು. ಮೆಲ್ಲಗೆ ಕೈ ಎತ್ತಿ ಏನೋ ಹೇಳಿದಳು, ನೋಡಿ ಇನ್ನಷ್ಟು ಹೇಳಿದಳು. ಇನ್ನು ನನ್ನ ತಮ್ಮ ಫೋನಿನಲ್ಲಿ ಬಾಯಲ್ಲಿ ಅನ್ನ ಇಟ್ಟುಕೊಳ್ಳದೆ ಮಾತಾಡುತ್ತಾನೆ ಎಂದಳು, ಗಂಟಲು ಬಿಟ್ಟು ಗಟ್ಟಿಯಾಗಿ ನಕ್ಕಳು. ಅಂಗಡಿಗೆ ಅಂಗಡಿಯೇ ತಿರುಗಿತು.

ತಿರುಗಿದವರಲ್ಲಿ ಒಬ್ಬರು ನನಗೆ ಗುರುತಿನವರು. ನಮ್ಮಲ್ಲಿ ಅಡುಗೆಮನೆಗೆ ಆರ್ಡರ್ ಕೊಡುವುದೋ ಬೇಡವೋ ಎಂದು ತೂಗಿ ನೋಡುತ್ತಿದ್ದ ಲಾಯರ್ ಮೇಡಂ.

"ಓ, ನೀವಾ!" ಎಂದು ಹತ್ತಿರ ಬಂದರು. ಅಕ್ಕನ ಬೆನ್ನು ನೋಡಿ, ದನಿ ತಗ್ಗಿಸಿ, "ಇವರು...?" ಎಂದರು.

ನಮ್ಮ ಮನೆಯಲ್ಲೊಂದು ಹಳೆಯ ರೂಢಿಯಿದೆ. ಅಕ್ಕನಿಗೆ ತಿಳಿಯಬಾರದ್ದನ್ನು ಅವಳ ಬೆನ್ನ ಹಿಂದೆ ನಿಂತು ಆಡುವುದು. ಅಪ್ಪ ಅಮ್ಮ ಹಾಗೇ ಮಾಡುತ್ತಿದ್ದರು, ನಾನೂ ಕಲಿತೆ. ಈಗ ನಾನು ನಿಂತಿದ್ದದ್ದು ಸರಿಯಾಗಿ ಅವಳ ಬೆನ್ನ ಹಿಂದೆ.

"ಪಕ್ಕದ ಮನೆಯವರು," ಎಂದೆ. "ಪಾಪ, ಕಿವಿ ಕೇಳಿಸಲ್ಲ. ಒಬ್ಬರೇ ಬರೋಕೆ ಕಷ್ಟ ಅಂತ ನಾನೇ ಕರ್ಕೊಂಡು ಬಂದೆ."

ಯಾಕೆ ಹಾಗೆಂದೆ? ಅಕ್ಕ ಎಂದಿದ್ದರೆ ಆರ್ಡರ್ ತಪ್ಪುತ್ತಿತ್ತೇ? ಇಲ್ಲ. ಯಾರೂ ಏನೂ ಕಸಿದುಕೊಳ್ಳುತ್ತಿರಲಿಲ್ಲ. ಬಾಯಿಗೆ ಬಂತು, ಅಂದೆ. ಬಾಯಿಗೆ ಅದು ಅಷ್ಟು ಸಲೀಸಾಗಿ ಬಂದದ್ದೇ ನನ್ನ ಯೋಗ್ಯತೆ.

"ಎಂಥಾ ಒಳ್ಳೇ ಮನಸ್ಸು ನಿಮ್ಮದು!" ಎಂದರು ಮೇಡಂ. "ಈಗಿನ ಕಾಲದಲ್ಲಿ ಯಾರು ಇಷ್ಟು ಮಾಡ್ತಾರೆ, ಹೇಳಿ?"

ನಾನು ಆ ಹೊಗಳಿಕೆಯನ್ನೂ ತೆಗೆದುಕೊಂಡೆ. ತಲೆ ಬಾಗಿಸಿ ನಕ್ಕೆ ಕೂಡ.

ಅಷ್ಟರಲ್ಲಿ ಅಕ್ಕನ ಕೈಗಳು ನಿಂತಿದ್ದವು. ಅವಳು ತಿರುಗಿರಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಅವಳ ಭುಜದ ಮೇಲೆ, ಆ ಅಗಲದ ಪರದೆಯಲ್ಲಿ, ನನ್ನ ಮುಖ ಬಾಯಿ ಸಮೇತ ನಿಚ್ಚಳವಾಗಿ ಕಾಣುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು. "ಅಕ್ಕ" ಎನ್ನಲು ತುಟಿಗಳು ಕೂಡುವುದಿಲ್ಲ. "ಪಕ್ಕದ ಮನೆ" ಎನ್ನಲು ಎರಡು ಸಲ ಕೂಡುತ್ತವೆ. ಹಲ್ಲು ಕೆತ್ತುವವಳಿಗೆ ಅಷ್ಟು ಸಾಕು. ಪರದೆಯೊಳಗೇ ನಮ್ಮ ಕಣ್ಣು ಸೇರಿದವು. ನೆಲ ಬಾಯಿ ಬಿಡಬಾರದೇ ಅನಿಸಿತು.

ಅಕ್ಕ ತಿರುಗಿದಳು. ಮೇಡಂಗೆ ಕೈ ಮುಗಿದು, ತನ್ನ ಹಳೆಯ ಫೋನಿನಲ್ಲಿ ಏನೋ ಬರೆದು ಅವರ ಮುಂದೆ ಹಿಡಿದಳು. ಮೇಡಂ ಗಟ್ಟಿಯಾಗಿ ಓದಿದರು: "ಇವರು ತುಂಬಾ ಒಳ್ಳೆಯ ನೆರೆಯವರು. ಮನೆಯವರ ಹಾಗೆಯೇ ನೋಡಿಕೊಳ್ಳುತ್ತಾರೆ."

"ನೋಡಿ, ಎಷ್ಟು ಅಭಿಮಾನ!" ಎಂದು ಮೇಡಂ ನನ್ನ ಬೆನ್ನು ತಟ್ಟಿ ಹೋದರು.

ಅವರು ಬಾಗಿಲು ದಾಟುವವರೆಗೆ ಕಾದೆ. ಆಮೇಲೆ ಸೇಲ್ಸ್ ಹುಡುಗಿಗೆ, "ಇವರು ನಮ್ಮ ಸ್ವಂತ ಅಕ್ಕ," ಎಂದೆ. ಅಕ್ಕನಿಗೆ ಕಾಣುವ ಹಾಗೆ, ತುಟಿ ಬಿಡಿಸಿ ಹೇಳಿದೆ. ಆ ಹುಡುಗಿ ಇಬ್ಬರ ಮುಖವನ್ನೂ ನೋಡಿ, "ಮೂಗು ನೋಡಿದಾಗಲೇ ಗೊತ್ತಾಯ್ತು ಸರ್," ಎಂದಳು. ಅವಳು ಕೌಂಟರ್ ಒರೆಸತೊಡಗಿದಳು, ನನ್ನತ್ತ ಮತ್ತೆ ನೋಡಲಿಲ್ಲ.

ಅಕ್ಕ ಈಗ ನನಗೂ ಫೋನಿನಲ್ಲಿ ಬರೆದೇ ತೋರಿಸಿದಳು. "ನೀವು ತಗೊಳ್ಳಿ. ನಿಮ್ಮ ಕೆಲಸಕ್ಕೆ ಅನುಕೂಲ ಆಗುತ್ತದೆ." ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದವಳು, ತಲೆಗೆ ಮೊಟಕಿ ಕೈಮಾತು ಕಲಿಸಿದವಳು, ನನಗೆ ನೀವು ಎಂದು ಬರೆದಿದ್ದಳು. ಕೆಲಸದ ಮಾತನ್ನೂ ಎತ್ತಿದ್ದಳು. ಟೈ ಮೇಲಿನ ಹೊಟ್ಟೆ ಉರಿ ಅವಳಿಗೆ ಮೊದಲೇ ಗೊತ್ತಿತ್ತೇನೋ.

ಫೋನು ಕೊಂಡೆ. ಕೊಳ್ಳದೆ ಹೋದರೆ ಹೆಂಡತಿಗೆ ಕಾರಣ ಹೇಳಬೇಕಲ್ಲ, ಅದಕ್ಕೆ ಕೊಂಡೆ.

ಬಸ್ಸಿನಲ್ಲಿ ಅಕ್ಕನ ಎದುರಿನ ಸೀಟಿನಲ್ಲಿ ಕೂತು "ತಪ್ಪಾಯ್ತು" ಎನ್ನಲು ಕೈ ಎತ್ತಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಕಿವಿ ಇದ್ದವರ ಜಗಳದಲ್ಲಿ ಮುಖ ತಿರುಗಿಸಿದರೂ ಮಾತು ಬೆನ್ನಿಗಾದರೂ ತಲುಪುತ್ತದೆ. ಅಕ್ಕ ಕಣ್ಣು ಮುಚ್ಚಿದರೆ ಮುಗಿಯಿತು. ನಮ್ಮ ಸ್ಟಾಪು ಬರುವವರೆಗೂ ಅವಳು ತೆರೆಯಲಿಲ್ಲ.

ಮನೆಯಲ್ಲಿ ಹೆಂಡತಿ, "ಹೇಗಿದೆ ಅತ್ತಿಗೆ, ಇಷ್ಟ ಆಯ್ತಾ?" ಎಂದು ಕೇಳಿದಳು. ಅಕ್ಕ ಎರಡೂ ಕೈಯಲ್ಲಿ ಫೋನನ್ನು ಹೊಗಳಿದಳು. ಅಂಗಡಿಯಲ್ಲಿ ನಡೆದದ್ದರ ಒಂದು ಮಾತೂ ಬಿಟ್ಟುಕೊಡಲಿಲ್ಲ. ಬೈದಿದ್ದರೆ, ಹೆಂಡತಿಯ ಮುಂದೆ ನನ್ನ ಮಾನ ಕಳೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೊರಡುವ ದಿನದವರೆಗೂ ನಾನು ಕೋಣೆಗೆ ಬಂದರೆ ಅವಳು ಪೆಟ್ಟಿಗೆ ಜೋಡಿಸುವ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದಳು.

ಹೋದ ಮೇಲೆ ಹೆಂಡತಿಯ ಫೋನಿಗೆ ಸಂಜೆ ಸಂಜೆ ವೀಡಿಯೋ ಕರೆ ಬರುತ್ತಿತ್ತು, ಡಬ್ಬಿಗೆ ಒರಗಿಸಿಟ್ಟು ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ನನಗೆ ಬರುತ್ತಿದ್ದದ್ದು ಮೆಸೇಜು. "ಚೆನ್ನಾಗಿದ್ದೀರಾ? ನಾನು ಚೆನ್ನಾಗಿದ್ದೇನೆ." ನಾನು ಕರೆ ಮಾಡಿದರೆ, "ಕೆಲಸದಲ್ಲಿದ್ದೇನೆ" ಎಂದು ಬರೆಯುತ್ತಿದ್ದಳು. ಹೊಸ ಫೋನು ಅಂಗಡಿಯಲ್ಲಿ ಹೆಸರು ಮಾಡಿತು. ಟೈ ಎರಡು ಸಲ ಕೈಗೆ ತೆಗೆದುಕೊಂಡು ನೋಡಿದ. ಅದೇ ಮೇಡಂ ಆರ್ಡರ್ ಕೊಟ್ಟು, ನಮ್ಮ ಮಾಲೀಕರ ಮುಂದೆ ನನ್ನ ಒಳ್ಳೆಯತನದ ಕಥೆ ಹೇಳಿದರು. ಮಾಲೀಕರು ಅದನ್ನು ಎಲ್ಲರಿಗೂ ಹೇಳಿದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳುತ್ತಾ ತಿರುಗಿದೆ. ಇನ್ನು ಅಕ್ಕ ನನ್ನ ಜೊತೆ ಮಾತೇ ಆಡುವುದಿಲ್ಲವೇನೋ ಎಂಬ ಹೆದರಿಕೆ ಹಗಲೂ ರಾತ್ರಿಯೂ ಬಿಡಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಅವಳ ಕರೆ ಬಂತು. ವೀಡಿಯೋ ಕರೆ. ಪ್ರದರ್ಶನಕ್ಕಿಟ್ಟ ಅಡುಗೆಕಟ್ಟೆಯ ಕಪ್ಪು ಕಲ್ಲಿನ ಮೇಲೆ ಫೋನನ್ನು ಅರ್ಧ ಮಡಚಿ ನಿಲ್ಲಿಸಿದೆ. ಅಗಲ ಪರದೆಯಲ್ಲಿ ಅಕ್ಕ ಬಂದಳು, ಸ್ವಲ್ಪ ಸೊರಗಿದ್ದಳು. ಪಕ್ಕದಲ್ಲಿ ಅವಳ ಹಾಗೆಯೇ ಕಿವಿ ಕೇಳಿಸದ, ಕೋಣೆಯ ಜೊತೆಗಾತಿ. ಆಕೆ ಬಗ್ಗಿ ನನ್ನನ್ನು ನೋಡಿ, ಅಕ್ಕನ ಕಡೆ ತಿರುಗಿ, "ಯಾರಿವರು?" ಎಂದು ಕೈಯಲ್ಲಿ ಕೇಳಿದಳು.

ಅಕ್ಕ ನನ್ನನ್ನು ನೋಡಿದಳು. ಬೆರಳು ನನ್ನತ್ತ ತೋರಿಸಿ, "ನೀನೇ ಹೇಳು," ಎಂದಳು.

ನನ್ನ ಎರಡೂ ಕೈ ಖಾಲಿ ಇದ್ದವು. ಎತ್ತಿದೆ. ನಾನು ಇವಳ ತಮ್ಮ, ಒಬ್ಬನೇ ತಮ್ಮ, ಇವಳು ನನ್ನ ಅಕ್ಕ ಎಂದೆ. ಬಾಯಲ್ಲೂ ಅಂದೆ, ಅಂಗಡಿಗೆಲ್ಲ ಕೇಳಿಸುವ ಹಾಗೆ. ಟೈ ತಲೆ ಎತ್ತಿದ. ನಲ್ಲಿ ಆರಿಸುತ್ತಿದ್ದ ಗಂಡ ಹೆಂಡತಿ ಇಬ್ಬರೂ ತಿರುಗಿದರು. ಜೊತೆಗಾತಿ ನಕ್ಕು, ಸಂತೋಷ ಎಂದು ಕೈ ಆಡಿಸಿ ಎದ್ದು ಹೋದಳು.

ಅಕ್ಕ ನಗಲಿಲ್ಲ. ಅವಳು ನನ್ನ ಕೈಗಳನ್ನು ನೋಡಿರಲಿಲ್ಲ, ಕಣ್ಣುಗಳನ್ನು ನೋಡಿದ್ದಳು. ಕೈ ಎತ್ತುವ ಮೊದಲು, ಒಂದೇ ಒಂದು ಗಳಿಗೆ, ಯಾರಾದರೂ ನೋಡುತ್ತಿದ್ದಾರಾ ಎಂದು ನಾನು ಆ ಕಡೆ ಈ ಕಡೆ ಕಣ್ಣು ಹೊರಳಿಸಿದ್ದೆ. ಅದು ನನಗೆ ಗೊತ್ತಾದದ್ದೇ ಅವಳ ಮುಖ ನೋಡಿದ ಮೇಲೆ.