ಬೀನ್ಸ್ ಪಾತಿಯಲ್ಲಿ ಗುಬ್ಬಿ

ನಾಳೆ ಶಾಲೆಗೆ ಬಂದು ಹೋಗಿ ಎಂದು ಎರಡನೇ ತರಗತಿಯ ಟೀಚರ್ ಚೀಟಿ ಕಳಿಸಿದ್ದರು. ಅದನ್ನು ಓದಿದ ಮೇಲೆ ದರ್ಜಿ ಹೆಂಗಸಿಗೆ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಮಗಳನ್ನು ಎಲ್ಲರೂ ಕರೆಯುತ್ತಿದ್ದುದು ಗುಬ್ಬಿ ಎಂದೇ. ಬೋರ್ಡಿನ ಮೇಲೆ ಎಂಟು ಇದ್ದರೆ ಅವಳ ಪುಸ್ತಕದಲ್ಲಿ ಮೂರು. ಹೀಗೇ ಆದರೆ ಮತ್ತೆ ಅದೇ ತರಗತಿ ಎಂದು ಮುಖ್ಯೋಪಾಧ್ಯಾಯರು ಆಗಲೇ ಎಚ್ಚರಿಸಿದ್ದರು. ತಾಯಿ ದಿನವೂ ಕೂರಿಸಿಕೊಂಡು ಹೇಳಿಕೊಟ್ಟಳು. ಒಂದು ಸಂಜೆ ಕೈಯೂ ಎತ್ತಿದ್ದಳು. ಅದು ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಮರುದಿನ ಟೀಚರ್ ತಾಯಿಯನ್ನು ಕೋಣೆಯೊಳಗೆ ಕರೆಯಲಿಲ್ಲ. ಶಾಲೆಯ ಹಿಂದೆ, ಕಾಂಪೌಂಡ್ ಗೋಡೆಯ ಪಕ್ಕದ ಕೈತೋಟಕ್ಕೆ ಕರೆದೊಯ್ದರು. ಬೀನ್ಸ್ ಪಾತಿಯಲ್ಲಿ ಮಕ್ಕಳು ಕುಕ್ಕರುಗಾಲಲ್ಲಿ ಕೂತಿದ್ದರು. ಗುಬ್ಬಿ ಬಳ್ಳಿಗೆ ಸ್ಕೇಲ್ ಹಿಡಿದಿದ್ದಳು.

"ಇನ್ನೊಂದು ವರ್ಷ ಅಲ್ಲೇ ಕೂರಿಸಬೇಡಿ ಮೇಡಂ," ತಾಯಿ ಶುರು ಮಾಡಿದಳು.

"ಮೊದಲು ಇದನ್ನ ನೋಡಿ ಅಮ್ಮಾ."

ಮಣ್ಣು ಮೆತ್ತಿದ ನೋಟ್‌ಬುಕ್. ಅದರಲ್ಲಿ ಗುಬ್ಬಿಯ ದುಂಡು ಅಕ್ಷರ: 'ಸೋಮವಾರ ಹನ್ನೊಂದು ಸೆಂಟಿಮೀಟರ್. ಗುರುವಾರ ಹತ್ತೊಂಬತ್ತು. ಎಂಟು ಬೆಳೆದಿದೆ. ಮೂಲೆಯದು ನಾಲ್ಕೇ. ಅಲ್ಲಿ ಬಿಸಿಲು ಬರಲ್ಲ. ಇರುವೆ ಬಂದಿತ್ತು. ಕಚ್ಚಲಿಲ್ಲ.' ಕೆಳಗೆ ಒಂದೇ ತೊಟ್ಟಿನ ಮೂರು ಎಲೆಗಳ ಚಿತ್ರ, ನರ ನರವೂ ಬಿಡದೆ.

"ಇದು ಅವಳೇ ಬರೆದದ್ದಾ?"

"ಕಳೆಯೋ ಲೆಕ್ಕ ಅವಳಿಗೆ ಬಂದಿದ್ದೇ ಇಲ್ಲಿ. ವಾಕ್ಯ ಬರೆಯೋದೂ ಇಲ್ಲೇ ಕಲಿತಳು. ಒಳಗೆ ಹೋದ್ರೆ ಅದೇ ಲೆಕ್ಕ ತಪ್ಪು. ನಂಗೂ ತಲೆ ಕೆಟ್ಟುಹೋಗಿತ್ತು. ನಿನ್ನೆ ಗೊತ್ತಾಯ್ತು."

ನಿನ್ನೆ ಟೀಚರ್ ತೋಟದ ಈ ತುದಿಯಲ್ಲಿ ನಿಂತು, ಆ ತುದಿಯ ಪಾತಿಯಲ್ಲಿ ನೆಟ್ಟ ಹೆಸರಿನ ಹಲಗೆ ಓದು ಎಂದಿದ್ದರು. ಗುಬ್ಬಿ ಅಲ್ಲಿಗೇ ಓಡಿ, ಹಲಗೆಗೆ ಮೂಗು ತಾಗಿಸಿ ಓದಿದಳು. ಇಲ್ಲಿಂದಲೇ ಓದು ಎಂದರೆ, "ಇಲ್ಲಿಂದ ಅಕ್ಷರ ಇರಲ್ಲ ಟೀಚರ್," ಎಂದಳಂತೆ.

ತಾಯಿ ಪಾತಿಯ ಅಂಚಿನ ಕಲ್ಲಿನ ಮೇಲೆ ಕೂತಳು.

"ಸೂಜಿಗೆ ದಾರ ಪೋಣಿಸಿ ಕೊಡೋಳೇ ಇವಳು ಮೇಡಂ. ಕಣ್ಣು ಚುರುಕು ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ."

"ಹತ್ತಿರದ್ದು ಚೆನ್ನಾಗೇ ಕಾಣುತ್ತೆ. ದೂರದ್ದೇ ತೊಂದರೆ. ಕನ್ನಡಕ ಹಾಕಿದ್ರೆ ಸರಿಹೋಗುತ್ತೆ."

ಗುಬ್ಬಿ ಅಮ್ಮನನ್ನು ಕಂಡು ಸ್ಕೇಲ್ ಸಮೇತ ಓಡಿಬಂದಳು.

"ಬೋರ್ಡು ಕಾಣಲ್ಲ ಅಂತ ಹೇಳೋಕೆ ಏನಾಗಿತ್ತೇ ನಿಂಗೆ?"

"ಎಲ್ಲರಿಗೂ ಹಂಗೇ ಅನ್ಕೊಂಡಿದ್ದೆ."

ತಾಯಿ ನಕ್ಕಳೋ ಅತ್ತಳೋ, ಅವಳಿಗೇ ತಿಳಿಯಲಿಲ್ಲ. ಮಗಳ ಕೈಯ ಮಣ್ಣನ್ನು ತನ್ನ ಸೆರಗಿಗೇ ಒರೆಸಿಕೊಂಡಳು.

ಶನಿವಾರ ಕಣ್ಣಿನ ಡಾಕ್ಟರು ನೋಡಿದರು. ಮುಂದಿನ ವಾರ ಕನ್ನಡಕ ಬಂತು. ಅಂಗಡಿಯಿಂದ ಹೊರಬಿದ್ದ ಗುಬ್ಬಿ ಒಂದು ಗಳಿಗೆ ಬಾಯಿ ತೆರೆದು ನಿಂತಳು. ಆಮೇಲೆ ಬೀದಿಯ ನಾಮಫಲಕಗಳನ್ನೆಲ್ಲ ಓದತೊಡಗಿದಳು: ಸೈಕಲ್ ರಿಪೇರಿ, ಹಲ್ಲಿನ ಆಸ್ಪತ್ರೆ, ಬಾಡಿಗೆಗೆ ಇದೆ. ಮನೆಯಲ್ಲಿ ಹೊಲಿಯಬೇಕಾದ ಬಟ್ಟೆ ಗುಡ್ಡೆ ಬಿದ್ದಿತ್ತು. ಆದರೂ ತಾಯಿ ಅವಳ ಕೈಹಿಡಿದು ಸುತ್ತುದಾರಿಯಲ್ಲೇ ನಡೆದಳು.