ಮರುಭೇಟಿಗೆ ಬಾರದವಳು

“ಬಳೆ ಮೇಲೆ ಮಾಡ್ಕೋ. ಸೀರೆಗೆ ತಾಗಿಸ್ಬೇಡ, ಆಮೇಲೆ ನಂಗೆ ಪುನಃ ಮೀಯ್ಲಿಕ್ಕುಂಟು.”

ಸರಸಮ್ಮ ಹೊಸ್ತಿಲ ಒಳಗೆ ಕುರ್ಚಿ ಹಾಕಿ ಕೂತು ಎಡಗಾಲನ್ನು ಹೊರಗೆ ಚಾಚಿದ್ದಳು. ಹೆಬ್ಬೆರಳ ಬುಡದಲ್ಲಿ ಸಕ್ಕರೆ ಕಾಯಿಲೆಯ ಹುಣ್ಣು. ಮೋಹಿನಿ ಕೆಳಗಿನ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕೀವು ಒತ್ತುತ್ತಿದ್ದಳು. ಒತ್ತಿದಷ್ಟೂ ಬರುತ್ತಿತ್ತು. ನಾತಕ್ಕೆ ಬಾಯಲ್ಲಿ ನೀರು ಬಂತು. ಗುಡಿಸಿ ಸಾರಿಸಿದ ಆ ಅಂಗಳದಲ್ಲಿ ಉಗುಳಲು ಜಾಗ ಕಾಣದೆ ನುಂಗಿಕೊಂಡಳು.

“ತುಕ್ರನ ಮಗಳಲ್ವಾ ನೀನು? ನಿನ್ನಪ್ಪ ಇದೇ ಹಟ್ಟಿಯ ಗೊಬ್ಬರ ಹೊತ್ತದ್ದು. ಈಗ ಮಗಳು ಡಾಕ್ಟ್ರಂತೆ! ರಿಸರ್ವೇಶನ್ನಿನ ಸೀಟಲ್ವಾ? ನೋಡಿ ಒತ್ತು ಮಾರಾಯ್ತಿ, ಬೆರಳನ್ನೇ ತೆಗ್ದುಬಿಟ್ಟೀ.”

“ತುಕ್ರಪ್ಪನ ಮಗಳು,” ಎಂದಳು ಮೋಹಿನಿ. “ಸೀಟು ಸರಕಾರಿದ್ದೇ.”

ಲಾಯಿಲದ ಈ ಮನೆಗೆ ಅವಳು ಬಂದದ್ದು ಹುಣ್ಣು ತೊಳೆಯಲಿಕ್ಕಲ್ಲ. ಸರಸಮ್ಮನ ಮಗ ಜಿತೇಶ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ಡಾಕ್ಟರು. ರಜೆಗೆ ಬಂದವನು ಅವಳನ್ನು ಬರಹೇಳಿದ್ದ.

ಎಂಬಿಬಿಎಸ್ ಮುಗಿಸಿ ಮೋಹಿನಿ ಅಮೆರಿಕದ ಎರಡು ಪರೀಕ್ಷೆ ಪಾಸು ಮಾಡಿದ್ದಳು. ಅಲ್ಲಿ ಮುಂದಿನ ತರಬೇತಿಗೆ ಸೀಟು ಸಿಗಬೇಕಾದರೆ ಅಷ್ಟು ಸಾಲದು. ಹೊರಗಿನವರಾದರೆ ಅಲ್ಲಿಯ ಡಾಕ್ಟರೊಬ್ಬರ ಕೈಕೆಳಗೆ ಸಂಶೋಧನೆ ಮಾಡಿರಬೇಕು, ಪ್ರಬಂಧದಲ್ಲಿ ಹೆಸರಿರಬೇಕು, ಅವರು ಬರೆದ ಶಿಫಾರಸು ಪತ್ರ ಇರಬೇಕು. ಅಂಥ ಒಂದು ಕೆಲಸ ಕೇಳಿ ಅವಳು ಆರುನೂರು ಈಮೇಲ್ ಕಳಿಸಿದ್ದಳು. ಉತ್ತರ ಬರೆದವನು ಜಿತೇಶ್ ಒಬ್ಬನೇ. ‘ನಮ್ಮ ಊರಿನವಳಾ? ಮೊದಲು ಊರಿನಲ್ಲೇ ಒಂದು ಕೆಲಸ ಮಾಡಿಕೊಡು, ಆಮೇಲೆ ಇಲ್ಲಿಗೆ ಕರೆಸಿಕೊಳ್ಳುವ.’

ಸಂಬಳವಿಲ್ಲದೆ ಎರಡು ವರ್ಷ ದುಡಿದಳು. ಪಾಣೆಮಂಗಳೂರು, ಕಲ್ಲಡ್ಕದಲ್ಲಿ ಬೀಡಿ ಕಟ್ಟುವ ನೂರ ನಲವತ್ತು ಹೆಂಗಸರ ಮನೆ ಮನೆಗೆ ಹೋಗಿ, ಕೊಳವೆಗೆ ಊದಿಸಿ ಉಸಿರು ಅಳೆದಳು. ಎಕ್ಸ್‌ರೇ ತೆಗೆಸಿದಳು. ಆರು ತಿಂಗಳು ಬಿಟ್ಟು ಪುನಃ ಊದಿಸಿದಳು. ಪ್ರಬಂಧ ಬರೆದವಳೂ ಅವಳೇ.

ಚಡ್ಡಿ ಹಾಕಿಕೊಂಡು ಲ್ಯಾಪ್‌ಟಾಪ್ ಹಿಡಿದು ಜಿತೇಶ್ ಜಗಲಿಗೆ ಬಂದ. ಫೋನಿನಲ್ಲಿ ‘ಡಾಕ್ಟರ್ ಮೋಹಿನಿ’ ಎನ್ನುತ್ತಿದ್ದವನು ಅಮ್ಮನ ಕಾಲ ಬುಡದಲ್ಲಿ ಅವಳನ್ನು ಕಂಡು ಏಳು ಎನ್ನಲಿಲ್ಲ.

“ನಮ್ಮ ಪೇಪರ್ ತಗೊಂಡ್ರು. ಒಳ್ಳೆ ಜರ್ನಲ್ ಅದು,” ಎಂದು ಪರದೆಯನ್ನು ಅವಳತ್ತ ತಿರುಗಿಸಿದ.

ಮೊದಲ ಹೆಸರು ಸಾತ್ವಿಕಾಳದು. ಅವನ ಅಣ್ಣನ ಮಗಳು, ಅವಳೂ ಡಾಕ್ಟರು. ಮತ್ತೆ ಅವನ ಹೆಸರು, ಆಮೇಲೆ ಮೂವರು ಬಿಳಿಯರದು. ಕೊನೆಯ ಪುಟದ ಅಡಿಯಲ್ಲಿ, ಕೃತಜ್ಞತೆ ಎಂದಿರುವಲ್ಲಿ, ‘ಊರಿನ ಸಹಾಯಕಿ ಮೋಹಿನಿ’.

“ಸಾತ್ವಿಕಾ ಒಬ್ಬಳ ಮನೆಗೂ ಬರ್ಲಿಲ್ಲ, ಸರ್.”

“ಅವಳಿಗೆ ಈ ವರ್ಷವೇ ಸೀಟಾಗ್ಬೇಕು. ನಿಂದು ಮುಂದಿನ ವರ್ಷ ನೋಡುವ.”

ಮೋಹಿನಿಯ ಕಣ್ಣು ಪರದೆಯ ಕೆಳಗಿನ ಪಟ್ಟಿಯಲ್ಲಿ ನಿಂತಿತು. ಅರವತ್ತಮೂರನೆಯ ಹೆಂಗಸು. ಎದುರಿಗೆ, ಅವಳು ‘ಸಾವು’ ಎಂದು ಬರೆದಿದ್ದಲ್ಲಿ, ಈಗ ‘ಮರುಭೇಟಿಗೆ ಬಾರದವಳು’ ಎಂದಿತ್ತು.

“ಇದು ಜುಲೈಕಾ ಅಲ್ವಾ ಸರ್? ಅವಳು ಸತ್ತದ್ದು. ಕ್ಷಯದಲ್ಲಿ. ಎಕ್ಸ್‌ರೇಯಲ್ಲೇ ಕಂಡಿತ್ತು, ನಿಮಗೆ ಕಳಿಸಿದ್ದೆ.”

“ಬರ್ಲಿಲ್ಲ ತಾನೇ? ಮತ್ತೆ? ಬಾರದವಳೇ ಅಲ್ವಾ.” ನಕ್ಕ. “ಔಷಧಿ ಶುರು ಮಾಡಿದ್ರೆ ಎರಡನೇ ಸಲದ ಲೆಕ್ಕ ಹಾಳಾಗ್ತಿತ್ತು. ಮುಗಿಯುವ ತನಕ ಯಾರಿಗೂ ಹೇಳ್ಬೇಡ ಅಂದೆ, ನೀನೂ ಹೂಂ ಅಂದಿ. ಈಗ ಬಾಯಿ ಬಿಟ್ರೆ ಮೊದಲು ಹೋಗುದು ನಿನ್ನ ಸರ್ಟಿಫಿಕೇಟು.” ಲ್ಯಾಪ್‌ಟಾಪ್ ಮುಚ್ಚಿದ. “ನಾಳೆ ಮೂಡುಬಿದಿರೆಯಲ್ಲಿ ಸಾತ್ವಿಕಾಗೆ ಸನ್ಮಾನ ಉಂಟು. ಬೀಡಿಯವರನ್ನು ಒಂದಿಪ್ಪತ್ತು ಜನ ಕರ್ಕೊಂಡು ಬಾ. ವ್ಯಾನು ಕಳಿಸ್ತೇನೆ. ಸೀರೆ ಕೊಡುವ, ಫೋಟೋಕ್ಕೆ ಬೇಕು.”

“ಮೆಟ್ಲು ತೊಳ್ದು ಹೋಗು,” ಎಂದಳು ಸರಸಮ್ಮ.

ಮೋಹಿನಿ ತೊಳೆದಳು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಹೂಂ ಎಂದವಳು ಅವಳೇ. ಗೇಟು ದಾಟಿ ರಸ್ತೆ ಬದಿಯಲ್ಲಿ ಉಗುಳಿ ಬಸ್ಸಿಗೆ ನಡೆದಳು.

ಮಧ್ಯಾಹ್ನ ಬಸ್ಸಿಳಿದು, ಮನೆಯಿಂದ ಎಕ್ಸ್‌ರೇ, ರಿಪೋರ್ಟುಗಳ ಚೀಲ ಎತ್ತಿಕೊಂಡು ಪಾಣೆಮಂಗಳೂರಿನ ಜುಲೈಕಾಳ ಮನೆಗೆ ಹೋದಳು. ಜುಲೈಕಾಳ ಗಂಡನ ಅಕ್ಕ ಆಯಿಶಮ್ಮ ಕತ್ತರಿಯಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದಳು. ಜುಲೈಕಾಳ ಮಗಳು ಶಬ್ನಾ, ಹತ್ತೊಂಬತ್ತರ ಹುಡುಗಿ, ತಾಯಿಯ ಮೊರವನ್ನೇ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ನಡುನಡುವೆ ಕೆಮ್ಮುತ್ತಿದ್ದಳು.

“ಬನ್ನಿ ಡಾಕ್ಟ್ರಮ್ಮ, ಕೂತ್ಕೊಳ್ಳಿ.”

ಮೋಹಿನಿ ಕೂರಲಿಲ್ಲ. ಚೀಲದಿಂದ ಜುಲೈಕಾಳ ಎಕ್ಸ್‌ರೇ ತೆಗೆದು ಆಯಿಶಮ್ಮನ ಮುಂದಿಟ್ಟಳು. ಬಲಗಡೆ ಮೇಲಿನ ಬಿಳಿ ಕಲೆಯ ಮೇಲೆ ಬೆರಳಿಟ್ಟು ಎಲ್ಲ ಹೇಳಿದಳು. ‘ನನ್ನ ಫೋಟೋದಲ್ಲಿ ಏನುಂಟು?’ ಎಂದು ಜುಲೈಕಾ ಕೇಳಿದ್ದನ್ನೂ, ‘ಏನಿಲ್ಲ, ಬರೀ ಕಫ’ ಎಂದು ತಾನು ಅಂದದ್ದನ್ನೂ ಬಿಡಲಿಲ್ಲ.

ಕತ್ತರಿ ನಿಂತಿತು.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಔಷಧಿ ಉಂಟಾ ಇದಕ್ಕೆ?”

“ಉಂಟು. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡ್ತಾರೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಅಮೆರಿಕಕ್ಕೆ ಹೋಗ್ಲಿಕ್ಕೆ.”

ಆಯಿಶಮ್ಮ ಎದ್ದು ಬಂದು ಕೆನ್ನೆಗೆ ಬಾರಿಸಿದಳು. ಹೊಗೆಸೊಪ್ಪಿನ ಪುಡಿ ಮೋಹಿನಿಯ ಕಣ್ಣಿಗೆ ಹೊಕ್ಕಿತು.

“ಬೇವರ್ಸಿ! ನಿನ್ನಮ್ಮ ಪೂವಮ್ಮ ನಮ್ಮೊಟ್ಟಿಗೇ ಕೂತು ಬೀಡಿ ಕಟ್ಟಿದವಳು. ನಮ್ಮ ಹುಡುಗಿ ಅಂತ ಊದಿದ್ದು ನಾವು. ಆ ಧಣಿಯ ಮಗ ಬಂದು ಊದು ಅಂದಿದ್ರೆ ಕೊಳವೆಯನ್ನು ಅವನ ಕುಂಡೆಗೆ ತುರುಕ್ತಿದ್ದೆ. ಅವನು ನಾಯಿ, ಅದು ಗೊತ್ತುಂಟು. ನೀನು ಯಾರು, ಹೇಳು? ನೀನು ಯಾರು?”

ಶಬ್ನಾ ತಲೆ ಎತ್ತಲಿಲ್ಲ. ಎಲೆ ಸುತ್ತುತ್ತಿದ್ದ ಬೆರಳುಗಳು ಮಾತ್ರ ನಿಂತಿದ್ದವು.

“ಇನ್ನೂ ಏಳು ಜನರ ಎಕ್ಸ್‌ರೇಯಲ್ಲಿ ಕಲೆ ಉಂಟು,” ಎಂದಳು ಮೋಹಿನಿ ಕಣ್ಣುಜ್ಜಿಕೊಳ್ಳುತ್ತ. “ಎಲ್ರ ರಿಪೋರ್ಟೂ ತಂದಿದ್ದೇನೆ. ಸೋಮವಾರ ಬಂಟ್ವಾಳದ ಸರಕಾರಿ ಆಸ್ಪತ್ರೆಗೆ ಹೋಗುವ. ಶಬ್ನಾನೂ ಬರ್ಬೇಕು, ಅವಳೂ ಕೆಮ್ಮುತ್ತಾಳೆ. ನಾಳೆ ಮೂಡುಬಿದಿರೆಯ ಸನ್ಮಾನಕ್ಕೆ ಅವನು ವ್ಯಾನು ಕಳಿಸ್ತಾನಂತೆ, ಯಾರೂ ಬರುದು ಬೇಡ.”

“ಯಾಕೆ ಬೇಡ? ವ್ಯಾನು ಕಳಿಸ್ತಾನಲ್ಲ,” ಎಂದಳು ಆಯಿಶಮ್ಮ. ಎಕ್ಸ್‌ರೇಯನ್ನು ಮಡಚದೆ ಎತ್ತಿಟ್ಟುಕೊಂಡಳು. “ಹೋಗುವ.”

ಸಂಜೆಯೊಳಗೆ ಮೋಹಿನಿ ನೂರ ನಲವತ್ತು ರಿಪೋರ್ಟುಗಳಲ್ಲಿ ಆದಷ್ಟನ್ನು ಮನೆಮನೆಗೆ ಹಂಚಿದಳು. ಮೂರು ಮನೆಯಲ್ಲಿ ಬೈಗಳು ತಿಂದಳು, ಒಂದು ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಆಮೇಲೆ ಜರ್ನಲ್ಲಿಗೂ ವೈದ್ಯಕೀಯ ಮಂಡಳಿಗೂ ದೂರು ಬರೆದಳು. ತಪ್ಪಿತಸ್ಥರ ಹೆಸರು ಎಂಬಲ್ಲಿ ಮೊದಲು ತನ್ನದನ್ನೇ ಹಾಕಿದಳು.

ಮೂಡುಬಿದಿರೆಯ ಸಭಾಂಗಣದಲ್ಲಿ ಎಸಿ ಜೋರಾಗಿತ್ತು. ಬೀಡಿಯ ಹೆಂಗಸರನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ದರು. ವೇದಿಕೆಯಲ್ಲಿ ಸಾತ್ವಿಕಾಳಿಗೆ ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. “ಬಡ ಹೆಂಗಸರ ಗುಡಿಸಲಿಗೆ ಹೋಗಿ ಅವರ ಉಸಿರಿಗೆ ಕಿವಿಗೊಟ್ಟ ಕರುಣಾಮಯಿ” ಎಂದ ನಿರೂಪಕ. ಸೀರೆ ಪಡೆಯಲು ಮೊದಲು ಆಯಿಶಮ್ಮನನ್ನು ಕರೆದರು.

ಆಯಿಶಮ್ಮ ಸೀರೆಗೆ ಕೈ ಚಾಚಲಿಲ್ಲ. ಬುರ್ಖಾದ ಒಳಗಿನಿಂದ ಎಕ್ಸ್‌ರೇ ತೆಗೆದು ವೇದಿಕೆಯ ದೀಪಕ್ಕೆ ಹಿಡಿದಳು.

“ಇದು ಯಾರದ್ದು ಹೇಳು ಮಗಳೇ. ನೀನೇ ತೆಗ್ಸಿದ್ದಂತಲ್ಲ.”

ಸಾತ್ವಿಕಾ ಚಿಕ್ಕಪ್ಪನ ಮುಖ ನೋಡಿದಳು. ಫೋಟೋದವನು ಒಂದು ಫೋಟೋ ಹೊಡೆದ.

“ಗೊತ್ತಿಲ್ವಾ? ನನ್ನ ತಮ್ಮನ ಹೆಂಡತಿದು. ಬರ್ಲಿಲ್ಲ ಅಂತ ಬರ್ದಿದ್ದೀರಂತೆ. ಅವಳು ಕಬರಿನಲ್ಲಿದ್ದಾಳೆ, ಹೇಗೆ ಬರುದು?”

ಮೋಹಿನಿ ಹಿಂದಿನ ಸಾಲಿನಿಂದ ಎದ್ದು ಬಂದು ಮೈಕು ಹಿಡಿದಳು. “ಇವಳಿಗೆ ಕ್ಷಯ ಇತ್ತು. ನನಗೆ ಗೊತ್ತಿತ್ತು. ಈ ಜಿತೇಶ್ ಡಾಕ್ಟ್ರಿಗೂ ಗೊತ್ತಿತ್ತು. ಔಷಧಿ ಕೊಟ್ರೆ ಲೆಕ್ಕ ತಪ್ತದೆ ಅಂತ ಇಬ್ರೂ ಸೇರಿ ಮುಚ್ಚಿಟ್ಟದ್ದು.”

“ಇಳಿ ಕೆಳಗೆ, ನಾಯಿ,” ಎಂದ ಜಿತೇಶ್ ಹಲ್ಲು ಕಚ್ಚಿ. “ಯಾವ ದೇಶದಲ್ಲಿ ಕೆಲಸ ಸಿಗ್ತದೆ ನಿನಗೆ ನೋಡ್ತೇನೆ.”

ಮೈಕು ಸತ್ತಿತು. ಮೋಹಿನಿ ಗಂಟಲು ಹರಿಯುವಂತೆ ಪುನಃ ಮೊದಲಿನಿಂದ ಹೇಳಿದಳು. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಸಂಘಟಕನೊಬ್ಬ ಕೈ ಮುಗಿದು, “ಊಟ ರೆಡಿ ಉಂಟು, ಎಲ್ಲರೂ ಏಳುವ,” ಎಂದ. ಎದ್ದರು. ಅವಳು ಕೂಗುತ್ತಿರುವಾಗಲೇ ಬಾಗಿಲ ಹೊರಗೆ ತಟ್ಟೆಗಳ ಸದ್ದು ಶುರುವಾಯಿತು. ತುಪ್ಪದ ಪರಿಮಳ ಒಳಗೆ ಬಂತು.

ಹೆಂಗಸರು ಒಬ್ಬೊಬ್ಬರಾಗಿ ವೇದಿಕೆಯ ಮುಂದೆ ಹೋದರು. ಒಬ್ಬಳು ಸೀರೆಯ ರಾಶಿಯ ಮೇಲೆ ಕ್ಯಾಕರಿಸಿ ಉಗಿದಳು. ಉಳಿದವರೂ ಉಗಿದರು. ಹೊರಗೆ ವ್ಯಾನು ಇರಲಿಲ್ಲ. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನ ತನಕ ನಡೆದರು. ಮೋಹಿನಿಯ ಪಕ್ಕದಲ್ಲಿ ಯಾರೂ ನಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ಬಂಟ್ವಾಳದ ಆಸ್ಪತ್ರೆಯಲ್ಲಿ ಏಳು ಜನರೂ ಬಂದು ಸಾಲಿನಲ್ಲಿ ನಿಂತಿದ್ದರು. ಎಂಟನೆಯವಳು ಶಬ್ನಾ. ಕಫ ಪರೀಕ್ಷೆಗೆ ನರ್ಸ್ ಒಂದೊಂದು ಡಬ್ಬಿ ಕೊಟ್ಟು ಹೊರಗಿನ ಬೇಲಿಯ ಹತ್ತಿರ ಕಳಿಸಿದಳು.

“ಉಸಿರು ಒಳಗೆ ಎಳ್ಕೊಂಡು ಕೆಮ್ಮು,” ಎಂದಳು ಮೋಹಿನಿ. “ಎಂಜಲು ಬೇಡ, ಕಫವೇ ಬೇಕು.”

ಶಬ್ನಾ ಅವಳ ಕಡೆ ನೋಡದೆ ಕೆಮ್ಮಿದಳು. ಮೂರು ಸಲ, ನಾಲ್ಕು ಸಲ. ಬೇಲಿಯ ಕಂಬ ಹಿಡಿದು ಬಗ್ಗಿ ಡಬ್ಬಿಗೆ ಉಗುಳಿದಳು. ಹಳದಿಯ ನಡುವೆ ಕೆಂಪಿನ ಒಂದು ಎಳೆ. ಮುಚ್ಚಳ ಹಾಕದೆ ಡಬ್ಬಿಯನ್ನು ಮೋಹಿನಿಯ ಕೈಗೆ ತುರುಕಿ ಹೇಳಿದಳು.

“ಹಿಡ್ಕೊ. ಸರಿಯಾಗಿ ನೋಡು. ಇದೆಂತ, ಬರೀ ಕಫವಾ?”